ಕಬ್ಬಿನ ತರಗಿಗೆ ಬೆಂಕಿ ಹಾಕಬೇಡಿ, ಅದು ಮಣ್ಣಿನ ಊಟ

ಕಟಾವು ಮುಗಿಯುತ್ತಿದ್ದ ಹಾಗೇ ಗದ್ದೆಯಲ್ಲಿ ಉಳಿದ ತರಗಿಗೆ, ಅಂದರೆ ಕಬ್ಬಿನ ಒಣ ಎಲೆಗೆ, ಬೆಂಕಿ ಹಾಕೋದು ನಮ್ಮ ಮಂಡ್ಯ, ಮದ್ದೂರು, ಪಾಂಡವಪುರದ ಕಡೆ ಮಾಮೂಲಿ. ಯಾಕೆ ಅಂತ ಕೇಳಿದರೆ "ಬೂದಿನೂ ಗೊಬ್ರವೇ ಅಲ್ವಾ, ಬುಡಿ" ಅಂತಾರೆ. ಈ ಮಾತಿಗೆ ಉತ್ತರ ಕೊಡಲೇಬೇಕು ಅನ್ನಿಸಿ ಬರೀತಿದ್ದೀನಿ.

ಬೂದಿಯಲ್ಲಿ ಪೊಟ್ಯಾಷ್ ಇದೆ, ಸುಣ್ಣದ ಅಂಶ ಇದೆ, ಒಪ್ಪುತ್ತೇನೆ. ಸಾರಜನಕದ ಬಹುಪಾಲು ಹೊಗೆಯಲ್ಲಿ ಹೋಯಿತು, ಅದೂ ಇರಲಿ. ಬೂದಿಯಲ್ಲಿ ಇಲ್ಲವೇ ಇಲ್ಲದ್ದು ಶಕ್ತಿ. ಒಣ ತರಗಿನಲ್ಲಿ ಗ್ರಾಂಗೆ ಸುಮಾರು 4 ಕಿಲೋಕ್ಯಾಲರಿ ಇರುತ್ತೆ, ಅಷ್ಟೂ ಬಿಸಿಲಿಂದ ಬಂದದ್ದು. ಎಲೆ ಮೇಲೆ ಬಿದ್ದ ಬಿಸಿಲಲ್ಲಿ ನೂರಕ್ಕೆ ಒಂದು ಪಾಲು ಹಿಡಿದಿಟ್ಟುಕೊಂಡರೂ ಒಂದು ಬೆಳೆಗೆ ದೊಡ್ಡ ಸಾಧನೆಯೇ. ಈ ಕೆಲಸದಲ್ಲಿ ಕಬ್ಬು ಬಲು ಗಟ್ಟಿಗ. ಅದು ವರ್ಷವಿಡೀ ಗಳಿಸಿದ್ದರಲ್ಲಿ ಜಲ್ಲೆ ಫ್ಯಾಕ್ಟರಿಗೋ ಆಲೆಮನೆಗೋ ಹೋಗುತ್ತೆ, ತುದಿಯ ಹಸಿರು ಸೋಗೆ ದನಕ್ಕೆ ಹೋಗುತ್ತೆ. ಮಣ್ಣಿನ ಪಾಲಿಗೆ ಉಳಿಯೋದು ಬೇರು ಮತ್ತು ತರಗು ಮಾತ್ರ.

ನಮ್ಮ ಮದ್ದೂರು ಕಡೆಯ ಕೊಕ್ಕರೆ ಬೆಳ್ಳೂರಿಗೆ ಹೋಗಿ ನೋಡಿ. ಹೆಜ್ಜಾರ್ಲೆಗಳು (ಪೆಲಿಕನ್ ಹಕ್ಕಿಗಳು) ಕೆರೆಯ ಮೀನು ತಂದು ಊರೊಳಗಿನ ಹುಣಸೆಮರದಲ್ಲಿ ಮರಿ ಸಾಕುತ್ತವೆ. ಮರದ ಕೆಳಗೆ ಬಿದ್ದ ಹಿಕ್ಕೆಯನ್ನು ಊರವರು ಗೊಬ್ಬರ ಮಾಡಿ ಗದ್ದೆಗೆ ಹಾಕುತ್ತಾ ಬಂದಿದ್ದಾರೆ. ಮೀನಿನೊಳಗಿದ್ದ ರಂಜಕ, ಸಾರಜನಕ ಹೀಗೆ ಮತ್ತೆ ಮಣ್ಣಿಗೆ ಸೇರುತ್ತೆ. ಆದರೆ ಹಕ್ಕಿ ರೆಕ್ಕೆ ಬಡಿದು, ಮೈ ಬಿಸಿ ಇಟ್ಟುಕೊಂಡು ಖರ್ಚು ಮಾಡಿದ ಶಕ್ತಿ ವಾಪಸ್ ಬರಲ್ಲ. 1942ರಲ್ಲಿ ಪರಿಸರ ವಿಜ್ಞಾನಿ ರೇಮಂಡ್ ಲಿಂಡ್‌ಮನ್ ಅಮೆರಿಕದ ಮಿನ್ನೆಸೋಟದ ಸಣ್ಣ ಕೆರೆಯೊಂದನ್ನು ಇಟ್ಟುಕೊಂಡು ಈ ಶಕ್ತಿ ಹರಿವಿನ ಲೆಕ್ಕ ಹಾಕಿ ತೋರಿಸಿದರು. ಒಂದನ್ನೊಂದು ತಿನ್ನುವ ಆಹಾರ ಸರಪಳಿಯಲ್ಲಿ ಒಂದು ಹಂತದಿಂದ ಮುಂದಿನ ಹಂತಕ್ಕೆ ದಾಟೋದು ಸರಿಸುಮಾರು ನೂರಕ್ಕೆ ಹತ್ತು, ಮಿಕ್ಕಿದ್ದರಲ್ಲಿ ಬಹಳಷ್ಟು ಶಾಖವಾಗಿ ಹೋಗುತ್ತೆ ಅನ್ನೋ ಅಂದಾಜು ಅಲ್ಲಿಂದ ಬೆಳೆದದ್ದು. ಅಂದರೆ ಗೊಬ್ಬರ ಸುತ್ತಿ ಬರುತ್ತೆ, ಶಕ್ತಿ ಪ್ರತಿ ಸಲ ಹೊಸದಾಗಿ ಎಲೆಯಿಂದಲೇ ಬರಬೇಕು.

ಸುಡದೆ ಮಣ್ಣಿನ ಮೇಲೆ ಹೊದಿಸಿದ ತರಗನ್ನು ಒಂದೆರಡು ತಿಂಗಳಾದ ಮೇಲೆ ಕೈಯಿಂದ ಎತ್ತಿ ನೋಡಿ. ಕೆಳಗಿನ ಪದರ ಕಪ್ಪಾಗಿ, ಮೆತ್ತಗಾಗಿರುತ್ತೆ. ಅದರ ತುಂಬಾ ಬಿಳಿ ನೂಲಿನಂಥ ಶಿಲೀಂಧ್ರ, ಮಣ್ಣಿಗೆ ತಾಗಿದ ಕಡೆ ಎರೆಹುಳು ಹಾಕಿದ ಸಣ್ಣ ಸಣ್ಣ ಹಿಕ್ಕೆ ಗುಡ್ಡೆ. ಇವೆಲ್ಲ ತರಗಿನಲ್ಲಿರೋ ಶಕ್ತಿಯಿಂದಲೇ ಬದುಕೋದು. ಬೆಳ್ಳಕ್ಕಿ ಉಳುಮೆಯ ಹಿಂದೆ ಓಡಿ ಬರೋದು ಇಂಥ ಹುಳು, ಕೀಟಗಳಿಗಾಗಿಯೇ. ಬೆಂಕಿ ಹಾಕಿದರೆ ಈ ಪಂಕ್ತಿಯಲ್ಲಿ ಕೂತ ಎಲ್ಲರ ಊಟ ಅರ್ಧ ಗಂಟೆಯಲ್ಲಿ ಖಾಲಿ, ಯಾರ ಹೊಟ್ಟೆಗೂ ಬೀಳದೆ.

ರೈತರ ಕಷ್ಟ ಗೊತ್ತಿಲ್ಲದೆ ಹೇಳ್ತಿಲ್ಲ. ಆಳು ಸಿಗಲ್ಲ, ತರಗಿದ್ದರೆ ನೀರು ಕಟ್ಟೋದು ಕಷ್ಟ, ಹಾವಿನ ಭಯ ಬೇರೆ. ಅದಕ್ಕೇ ಸಾಲು ಬಿಟ್ಟು ಸಾಲಿಗೆ ಹೊದಿಸಿ, ಖಾಲಿ ಸಾಲಲ್ಲಿ ನೀರು ಹಾಯಿಸಿ. ತರಗು ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳೋದರಿಂದ ಮೊದಲಿಗೆ ಕೂಳೆ (ಕಡಿದ ಬುಡದಿಂದ ಮತ್ತೆ ಚಿಗುರೋ ಬೆಳೆ) ಹಳದಿಯಾಗಬಹುದು. ಮೇಲೆ ಸಗಣಿ ಬಗ್ಗಡ, ಸ್ವಲ್ಪ ಯೂರಿಯಾ ಹಾಕಿದರೆ ಸರಿಹೋಗುತ್ತೆ. ಪೂರ್ತಿ ಗದ್ದೆ ಬೇಡ, ಈ ಕೂಳೆಗೆ ಹತ್ತು ಗುಂಟೆಯಲ್ಲಿ ಮಾಡಿ, ಪಕ್ಕದ ಸುಟ್ಟ ಹತ್ತು ಗುಂಟೆಯ ಮಣ್ಣನ್ನೂ ಅಗೆದು ಹೋಲಿಸಿ ನೋಡಿ.