ತ್ರೋ-ಇನ್‌ಗೆ ಆಫ್‌ಸೈಡ್ ಇಲ್ಲ ಸ್ವಾಮಿ

ಬೆಂಗಳೂರಿನಲ್ಲಿ ಫುಟ್‌ಬಾಲ್ ಹುಚ್ಚು ಎಂದರೆ ಕಂಠೀರವ ಸ್ಟೇಡಿಯಂ, ನೀಲಿ ಜೆರ್ಸಿ, ಡ್ರಮ್ಮು. ಅದು ಫ್ಯಾಷನ್ನಿನ ಹುಚ್ಚು. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ, ವಾರದ ನಡುವೆ, ಮಟಮಟ ಮಧ್ಯಾಹ್ನ, ನಗರದ ಸೂಪರ್ ಡಿವಿಷನ್ ಲೀಗ್ ಆಡುವ ಯಾವುದೋ ಸರ್ಕಾರಿ ಇಲಾಖೆ ತಂಡಕ್ಕೆ ಜೈ ಅನ್ನುವುದು ಬೇರೆಯೇ ಕಾಯಿಲೆ. ಔಷಧಿ ಇಲ್ಲ, ಪಥ್ಯ ಮಾತ್ರ ಇದೆ.

ವಾಟ್ಸಾಪ್‌ನಲ್ಲಿ ಬಂದ ವೇಳಾಪಟ್ಟಿ ನೋಡಿ ರಜೆ ಹಾಕಬೇಡಿ. ಹಿಂದಿನ ರಾತ್ರಿಯ ಮಳೆಗೂ ಇನ್ಯಾವುದೋ ಟೂರ್ನಮೆಂಟಿಗೂ ಮ್ಯಾಚ್ ಮುಂದೆ ಹೋಗುತ್ತದೆ. ಬೆಳಿಗ್ಗೆ ಒಮ್ಮೆ, ಹೊರಡುವಾಗ ಒಮ್ಮೆ ಫೋನ್ ಮಾಡಿ ಕೇಳಿ. ಹಲ್ಲುನೋವು ಎಂದು ಅರ್ಧ ದಿನ ರಜೆ ಹಾಕುವವರು ಲೆಕ್ಕ ಇಟ್ಟುಕೊಳ್ಳಬೇಕು: ಲೀಗ್ ಉದ್ದವಿದೆ, ಹಲ್ಲು ಇರುವುದು 32.

ಎರಡು ಪೇಪರ್ ತನ್ನಿ. ಒಂದು ಕೂರಲು, ಏಕೆಂದರೆ ಸಿಮೆಂಟ್ ಮೆಟ್ಟಿಲು ಆ ಹೊತ್ತಿಗೆ ದೋಸೆ ಹುಯ್ಯುವಷ್ಟು ಕಾದಿರುತ್ತದೆ. ಇನ್ನೊಂದು ತಲೆಗೆ. ಜಾಗ ಹಿಡಿಯುವುದಾದರೆ ನಿಮ್ಮ ತಂಡದ ಬೆಂಚಿನ ಹಿಂದೆ. ಆಟ ಚೆನ್ನಾಗಿ ಕಾಣುತ್ತದೆಂದಲ್ಲ, ಕೋಚ್ ಕೂಗುವುದನ್ನು ಕೇಳಿಸಿಕೊಂಡರೆ ಆಟಗಾರರ ಹೆಸರಾದರೂ ತಿಳಿಯುತ್ತದೆ.

ಕಿಕ್-ಆಫ್‌ಗೆ ಮುಂಚೆ ತಲೆ ಎಣಿಸಿ. ಇಲಾಖೆ ಹುಡುಗರಿಗೆ ಶಿಫ್ಟ್ ಇರುತ್ತದೆ, ಸಿಲ್ಕ್ ಬೋರ್ಡ್ ಟ್ರಾಫಿಕ್ಕೂ ಇರುತ್ತದೆ. ಏಳಕ್ಕಿಂತ ಕಡಿಮೆ ಜನರಿದ್ದರೆ ನಿಯಮದ ಪ್ರಕಾರ ಮ್ಯಾಚ್ ಶುರುವಾಗುವಂತಿಲ್ಲ. ಏಳು ಇದ್ದರೆ ಆಗುತ್ತದೆ. ಅದು ಇನ್ನೂ ಕಷ್ಟ.

ಇನ್ನು ನೆಲ. ಅದು ಹುಲ್ಲಲ್ಲ, ಪ್ಲಾಸ್ಟಿಕ್ಕು. ಬಿಸಿಲಿಗೆ ಕಾವಲಿಯಾಗುತ್ತದೆ, ಬೂಟಿನೊಳಗೆ ಪಾದ ಸುಡುತ್ತದೆ. ಹಾಗಾಗಿ ನಿಮ್ಮ ತಂಡ ಮೊದಲರ್ಧ ಬ್ರೆಜಿಲ್ಲು. 65ನೇ ನಿಮಿಷ ದಾಟಿದ ಮೇಲೆ ಡಿಫೆಂಡರು ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಾನೆ, ಅವನ ಬೆನ್ನ ಹಿಂದೆ ಬಸ್ಸು ಹೋಗುವಷ್ಟು ಜಾಗ. ಒಣಗಿದಾಗ ಚೆಂಡು ಅವನ ತಲೆ ಮೇಲೆ ಪುಟಿದು ಹೋಗುತ್ತದೆ, ಮಳೆ ಬಂದರೆ ಕಾಲ ಕೆಳಗೆ ಜಾರಿ ಹೋಗುತ್ತದೆ. ಎರಡಕ್ಕೂ ಬೈಗುಳ ಒಂದೇ.

ಆದರೆ ಬೈಯುವಾಗ ಹುಷಾರು. ನಲವತ್ತೇ ಜನ ಇರುವ ಸ್ಟೇಡಿಯಂನಲ್ಲಿ ಪ್ರತಿ ಮಾತೂ ಮೈದಾನಕ್ಕೆ ತಲುಪುತ್ತದೆ. ಆಫ್‌ಸೈಡ್ ಎಂದರೆ ಎದುರಾಳಿ ಡಿಫೆಂಡರುಗಳ ಬೆನ್ನ ಹಿಂದೆ ನಿಂತು ಪಾಸ್ ಪಡೆಯುವ ತಪ್ಪು. ತ್ರೋ-ಇನ್‌ನಿಂದ, ಅಂದರೆ ಪಕ್ಕದ ಗೆರೆಯಿಂದ ಕೈಯಲ್ಲಿ ಎಸೆದು, ನೇರವಾಗಿ ಬಂದ ಚೆಂಡಿಗೆ "ಆಫ್‌ಸೈಡ್!" ಎಂದು ಅರಚಿದಿರೋ, ಲೈನ್ಸ್‌ಮನ್ ತಿರುಗಿ ನೋಡುತ್ತಾನೆ. ತ್ರೋ-ಇನ್, ಗೋಲ್-ಕಿಕ್, ಕಾರ್ನರ್ ಮೂರಕ್ಕೂ ಆಫ್‌ಸೈಡ್ ಇಲ್ಲ. ದೊಡ್ಡ ಕ್ಲಬ್ಬಿನ ಸ್ಟ್ರೈಕರನ್ನು ಸಾವಿರ ಜನರ ನಡುವೆ ಕೂತು ಏನು ಬೇಕಾದರೂ ಅನ್ನಬಹುದು. ಇಲ್ಲಿ "ಏಯ್ ಒಂಬತ್ತು, ನಿದ್ದೆ ಮಾಡ್ತಿದೀಯೇನೋ" ಎಂದರೆ, ಮ್ಯಾಚ್ ಮುಗಿದ ಮೇಲೆ ಹೊರಗಿನ ಟೀ ಅಂಗಡಿಯಲ್ಲಿ ಒಂಬತ್ತು ಪಕ್ಕದಲ್ಲೇ ನಿಂತಿರುತ್ತಾನೆ. "ನೈಟ್ ಶಿಫ್ಟ್ ಅಣ್ಣಾ" ಅನ್ನುತ್ತಾನೆ. ಟೀ ದುಡ್ಡು ನೀವೇ ಕೊಡಬೇಕಾಗುತ್ತದೆ.

ಮಳೆಗೆ ಆಟ ನಿಂತಾಗ ಆಸ್ಟಿನ್ ಟೌನಿನ ಹಿರಿಯರ ಪಕ್ಕ ಕೂತರೆ ಸಮಯ ಹೋದದ್ದೇ ತಿಳಿಯುವುದಿಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಕ್ಲಬ್ ಬಾಂಬೆಗೆ ಹೋಗಿ ರೋವರ್ಸ್ ಕಪ್ ತಂದದ್ದರಿಂದ ಶುರುವಾಗುತ್ತದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ನಮ್ಮೂರ ಸಾರಂಗಪಾಣಿ ರಾಮನ್ ಹೊಡೆದ ಗೋಲು ಬರುತ್ತದೆ, ಅದೇ ಮ್ಯಾಚಿನಲ್ಲಿ ಭಾರತ ಕಳೆದುಕೊಂಡ ಎರಡು ಪೆನಾಲ್ಟಿಗಳ ಸಂಕಟವೂ ಬರುತ್ತದೆ. 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ಮೇಲೆ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದದ್ದನ್ನು ಮಾತ್ರ "ಈಗಿನ ಹುಡುಗರೂ ಪರವಾಗಿಲ್ಲ" ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ.

ಲೀಗಿನ ಕೊನೆಯಲ್ಲಿ ಪೆನ್ನು ಬೇಕು. ಗೆದ್ದರೆ 3, ಡ್ರಾಗೆ 1, ಅಷ್ಟು ಎಲ್ಲರಿಗೂ ಗೊತ್ತು. ಅಂಕ ಸಮವಾದರೆ ಮೊದಲು ನೋಡುವುದು ಗೋಲ್ ವ್ಯತ್ಯಾಸವನ್ನೋ, ಎರಡೂ ತಂಡಗಳ ನಡುವಿನ ಮ್ಯಾಚನ್ನೋ ಎಂದು ನಿಯಮದ ಹಾಳೆಯಲ್ಲಿ ಮೊದಲೇ ಓದಿಕೊಳ್ಳಿ. ಓದದವರು ಗೋಲ್ ವ್ಯತ್ಯಾಸ ನಂಬಿ, ಉಳಿದೆವೆಂದು ಮೈಸೂರುಪಾಕು ಹಂಚಿ, ಆಮೇಲೆ ತಂಡ ಒಂದು ಮೆಟ್ಟಿಲು ಕೆಳಗಿನ ಎ ಡಿವಿಷನ್‌ಗೆ ಇಳಿದಿದೆ ಎಂಬುದನ್ನು ಬೇರೆಯವರಿಂದ ಕೇಳುತ್ತಾರೆ.

ಇಳಿದರೂ ಹೋಗಲೇಬೇಕಲ್ಲ. ಅಷ್ಟರಲ್ಲಿ 32 ಹಲ್ಲೂ ಮುಗಿದಿರುತ್ತವೆ, ರಜೆ ಅರ್ಜಿಯಲ್ಲಿ ಬೆನ್ನುನೋವು ಶುರು ಮಾಡಿಕೊಳ್ಳಿ. ಒಂದು ಸೀಸನ್ ಆ ಮೆಟ್ಟಿಲ ಮೇಲೆ ಕೂತವರಿಗೆ ಅದು ಸುಳ್ಳೂ ಅಲ್ಲ.