ಕನ್ನಡಕದ ಕಾಳು

ಕನ್ನಡಕ ಹಾಕಿಕೊಂಡು ಕಾಳಿನಲ್ಲಿ ಕಲ್ಲು ಆರಿಸುತ್ತಿದ್ದೆ. ಆಗ ಹೊಳೆಯಿತು. ಹೈಸ್ಕೂಲಿನಲ್ಲಿ ಪೀನ ಮಸೂರ, ನಿಮ್ನ ಮಸೂರ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಆ ಮಸೂರ ಬೇರೇನಲ್ಲ, ಅಂಗಡಿಯ ಮಸೂರ್ ಬೇಳೆಯೇ! ನಮ್ಮ ಮನೆಯಲ್ಲಿ ಅದಕ್ಕೆ ಚನ್ನಂಗಿ ಬೇಳೆ ಅಂತಿದ್ದರಿಂದ ಇಷ್ಟು ವರ್ಷ ತಲೆಗೇ ಹೋಗಿರಲಿಲ್ಲ. ಲ್ಯಾಟಿನ್ನಿನಲ್ಲೂ ಲೆನ್ಸ್ ಅಂದರೆ ಇದೇ ಕಾಳು. ನಡು ಉಬ್ಬಿದ ಗಾಜು ಕಾಳಿನ ಹಾಗೆ ಕಂಡಿತು, ಅದೇ ಹೆಸರು ಬಿತ್ತು. 13ನೇ ಶತಮಾನದ ಕೊನೆಗೆ ಕನ್ನಡಕ ಹುಟ್ಟಿದ್ದೂ ಇಟಲಿಯಲ್ಲೇ.

ನಾನು ಆರಿಸುತ್ತಿದ್ದ ಕಾಳೂ ಅಲ್ಲಿಯದೇ. ತಂಗಿ ತಂದುಕೊಟ್ಟ ಪೊಟ್ಟಣ. ಊರು ಸಾಂತೊ ಸ್ತೆಫಾನೊ ದಿ ಸೆಸ್ಸಾನಿಯೊ. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕಾಳು ಬೆಂದಿರುತ್ತದೆ. ಅಬ್ರುತ್ಸೊ ಸೀಮೆಯಲ್ಲಿ, ಗ್ರಾನ್ ಸಾಸ್ಸೊ ಬೆಟ್ಟಗಳ ಮಗ್ಗುಲಲ್ಲಿ, ಸುಮಾರು 1,250 ಮೀಟರ್ ಎತ್ತರದಲ್ಲಿದೆ. ಊರಿಗೆ ಬೇರೆ ಕೋಟೆಗೋಡೆ ಇಲ್ಲ. ಅಂಚಿನ ಮನೆಗಳನ್ನು ಒತ್ತೊತ್ತಾಗಿ ಕಟ್ಟಿ, ಅವುಗಳ ಬೆನ್ನನ್ನೇ ಕೋಟೆ ಮಾಡಿಕೊಂಡಿದ್ದಾರೆ.

1579ರಿಂದ 1743ರವರೆಗೆ ಊರು ಫ್ಲಾರೆನ್ಸಿನ ಮೆಡಿಚಿ ಮನೆತನದ ಕೈಯಲ್ಲಿತ್ತು. ಅವರ ಕಣ್ಣಿದ್ದದ್ದು ಉಣ್ಣೆಯ ಮೇಲೆ. ಚಳಿ ಶುರುವಾಗುವ ಮೊದಲೇ ಈ ಸೀಮೆಯ ಕುರುಬರು ಮಂದೆ ಹೊಡೆದುಕೊಂಡು ದಕ್ಷಿಣದ ಪುಲಿಯಾ ಸೀಮೆಯ ಬಯಲಿಗೆ ಇಳಿಯುತ್ತಿದ್ದರು. ಹತ್ತಿರದ ಲಾಕ್ವಿಲಾ ಪಟ್ಟಣದಿಂದ ಪುಲಿಯಾದ ಫೊಜ್ಜಾವರೆಗಿನ ಕುರಿದಾರಿಯೇ 244 ಕಿ.ಮೀ. ಬೇಸಿಗೆಗೆ ಮತ್ತೆ ವಾಪಸು.

ಕಾಳು ಮಾತ್ರ ಎಲ್ಲೂ ಹೋಗಲಿಲ್ಲ. 998ರ ಮಠದ ದಾಖಲೆಯಲ್ಲೇ ಅದರ ಮಾತು ಬರುತ್ತದೆ. ಕಲ್ಲುನೆಲ, ಉದ್ದನೆಯ ಚಳಿ, ಚೋಟುದ್ದ ಬೇಸಿಗೆ: ಬೇರೆ ಬೆಳೆ ಮುಖ ತಿರುಗಿಸುವ ಜಾಗ. ಇದಕ್ಕೆ ಅದೇ ಬೇಕು. ಹಿಮ ಕರಗಿದ ಮೇಲೆ ಬಿತ್ತನೆ, ಜುಲೈ ಕೊನೆ, ಆಗಸ್ಟಿಗೆ ಕೊಯ್ಲು. ಎಲ್ಲ ಗಿಡ ಒಟ್ಟಿಗೆ ಮಾಗುವುದಿಲ್ಲ, ಹಾಗಾಗಿ ಕೈಕೆಲಸವೇ ಜಾಸ್ತಿ. ರಾಶಿ ಹಾಕಿ ಒಣಗಿಸಿ ಒಕ್ಕುತ್ತಾರೆ, ನಮ್ಮ ಹುರುಳಿಯ ಹಾಗೆ.

20ನೇ ಶತಮಾನದಲ್ಲಿ ಜನ ಊರು ಬಿಟ್ಟರು. ಖಾಲಿ ಮನೆಗಳಲ್ಲಿ ಕೆಲವು ಈಗ ಹೋಟೆಲಿನ ಕೋಣೆಗಳು. ಒಲೆಯ ಹೊಗೆಗೆ ಕಪ್ಪಾದ ಗೋಡೆಯನ್ನು ಬೇಕಂತಲೇ ಹಾಗೇ ಬಿಟ್ಟಿದ್ದಾರೆ, ಬಂದವರು ದುಡ್ಡು ಕೊಟ್ಟು ಅದರ ಪಕ್ಕ ಮಲಗುತ್ತಾರೆ. ಪ್ರತಿ ಯುಗಾದಿಗೂ ಅಡುಗೆಮನೆಗೆ ಸುಣ್ಣ ಬಳಿಸುತ್ತಿದ್ದ ನಮ್ಮಜ್ಜಿ ಇದನ್ನು ಕೇಳಿದ್ದರೆ ನಂಬುತ್ತಿರಲಿಲ್ಲ. 2009ರ ಏಪ್ರಿಲ್ 6ರ ಭೂಕಂಪಕ್ಕೆ ಊರ ನೆತ್ತಿಯ ಗೋಪುರ ಕುಸಿಯಿತು. ಈಗ ಮತ್ತೆ ಎಬ್ಬಿಸಿದ್ದಾರೆ.

ಈ ಕಾಳು ನಮ್ಮ ಹೆಸರುಕಾಳಿಗಿಂತ ಚಿಕ್ಕದು, ಚಪ್ಪಟೆ, ಕಂದು ಬಣ್ಣ. ನೆನೆಸಬೇಕಿಲ್ಲ ಅಂತ ತಂಗಿ ಹೇಳಿಯೇ ಇದ್ದಳು. ಕೈ ಕೇಳಬೇಕಲ್ಲ! ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುಕ್ಕರಿನಲ್ಲಿ ಮೂರು ಸೀಟಿ ಕೂಗಿಸಿದೆ. ಮುಚ್ಚಳ ತೆಗೆದರೆ ಸಾವಿರ ವರ್ಷದ ಪರಂಪರೆ ಗಂಜಿಯಾಗಿತ್ತು. ಸಾಸಿವೆ, ಇಂಗು ಒಗ್ಗರಣೆ ಕೊಟ್ಟು ಅನ್ನಕ್ಕೆ ಕಲಸಿಕೊಂಡೆ, ಪರವಾಗಿಲ್ಲ.

ಎರಡನೇ ಸಲ ಅವರ ಕ್ರಮ. ತೆರೆದ ಪಾತ್ರೆ, ನೀರು, ಬೆಳ್ಳುಳ್ಳಿ, ಒಂದು ಪಲಾವ್ ಎಲೆ, ಉಪ್ಪು. ಸಣ್ಣ ಉರಿ. ಇಳಿಸಿದ ಮೇಲೆ ಆಲಿವ್ ಎಣ್ಣೆ, ಪಕ್ಕಕ್ಕೆ ಕರಿದ ಬ್ರೆಡ್ಡು. ಸಿಪ್ಪೆ ಬಿಡಲಿಲ್ಲ, ಒಂದೊಂದು ಕಾಳೂ ಬಿಡಿಬಿಡಿ. ಬಾಯಿಗಿಟ್ಟರೆ ಬೆಣ್ಣೆ.

ಹೊಸ ವರ್ಷದ ಹಿಂದಿನ ರಾತ್ರಿ ಇಟಲಿಯವರು ಈ ಕಾಳು ತಿನ್ನಲೇಬೇಕಂತೆ. ನಾಣ್ಯದ ಆಕಾರ ನೋಡಿ, ತಿಂದಷ್ಟೂ ದುಡ್ಡು ಬರುತ್ತದೆ ಅಂತ ನಂಬಿಕೆ. ಪೊಟ್ಟಣದ ತಳದಲ್ಲಿ ಒಂದು ಹಿಡಿ ಉಳಿದಿದೆ, ಡಿಸೆಂಬರ್ 31ಕ್ಕೆ ಎತ್ತಿಟ್ಟಿದ್ದೇನೆ. ತಂಗಿ ಬೆಲೆ ಹೇಳಿಲ್ಲ. ಪೊಟ್ಟಣದ ದುಡ್ಡಾದರೂ ವಾಪಸು ಬಂದರೆ ಸಾಕು.