ಕಾಕಾ, ಕರೆಂಟು ಮತ್ತು ನನ್ನ ವಾಲ್ವ್ ಸೆಟ್ಟು

ರಾಯಚೂರಿನ ಮೇ ತಿಂಗಳಲ್ಲಿ ಮನೆಯೊಳಗೆ ಇನ್ನೊಂದು ಒಲೆ ಹಚ್ಚುವವನಿಗೆ ತಲೆ ನೆಟ್ಟಗಿರಲಿಕ್ಕಿಲ್ಲ ಎಂಬುದು ನಮ್ಮ ಮನೆಯವಳ ತೀರ್ಪು. ಒಲೆ ಎಂದರೆ ನನ್ನ ಹ್ಯಾಮ್ ರೇಡಿಯೋದ, ಅಂದರೆ ಹವ್ಯಾಸಕ್ಕೆ ದೂರದವರೊಡನೆ ಮಾತಾಡುವ ರೇಡಿಯೋದ, ವಾಲ್ವ್ ಟ್ರಾನ್ಸ್‌ಮಿಟರ್. ಬಿಸಿಯಾದರಷ್ಟೇ ಕೆಲಸ ಮಾಡುವ ಹಳೆ ಕಾಲದ ಒಂದೇ ಒಂದು 6ಎಲ್6 ವಾಲ್ವ್, ಫ್ರೀಕ್ವೆನ್ಸಿ ಕದಲದಂತೆ ಹಿಡಿಯುವ ಒಂದು ಕ್ರಿಸ್ಟಲ್, ಎತ್ತಿದರೆ ಸೊಂಟ ಹಿಡಿಯುವ ಟ್ರಾನ್ಸ್‌ಫಾರ್ಮರ್, ಚುಕ್ಕೆ-ಗೆರೆಯ ಸಂಕೇತ ಒತ್ತಿ ಕಳಿಸುವ ಒಂದು ಮೋರ್ಸ್ ಕೀ, ಮುಗಿಯಿತು. ಸ್ವಿಚ್ ಹಾಕಿ ಫಿಲಮೆಂಟ್ ಕೆಂಪಗಾಗುವವರೆಗೆ ಕೈಕಟ್ಟಿ ಕೂರಬೇಕು. ಹೊರಗೆ ಹೋಗುವ ಪವರು ಒಂದು ಎಲ್‌ಇಡಿ ಬಲ್ಬಿನಷ್ಟು. ಅಷ್ಟರಲ್ಲೇ 7 ಮೆಗಾಹರ್ಟ್ಸ್ ಫ್ರೀಕ್ವೆನ್ಸಿಯಲ್ಲಿ ನನ್ನ ಸಂಕೇತ ಸಂಜೆ ಹೊತ್ತು ಸಮುದ್ರ ದಾಟುತ್ತದೆ.

ಈ ಬಡಪಾಯಿ ಪೆಟ್ಟಿಗೆಯ ಮೇಲೆ ಎದುರು ಮನೆ ಕಾಕಾ ಹೊರಿಸದ ಆಪಾದನೆಯಿಲ್ಲ. ಮಿಕ್ಸರ್ ಸುಟ್ಟರೆ ನಾನು. ಫೋನಿಗೆ ನೆಟ್‌ವರ್ಕ್ ಸಿಗದಿದ್ದರೆ ನಾನು. ಒಮ್ಮೆ ಮೊಸರು ಹೆಪ್ಪಾಗಲಿಲ್ಲವೆಂದು ಪಾತ್ರೆ ಸಮೇತ ಬಂದಿದ್ದರು.

"ಕಾಕಾರ, ನಿನ್ನಿಯಿಂದ ವಾಲ್ವ್ ತಗದ್ ಇಟ್ಟೀನ್ರಿ, ಸೆಟ್ ಬಂದ್ ಅದ."

"ಒಳಗ ಸ್ಟಾಕ್ ಉಳದಿರ್ತದ ತಮ್ಮಾ."

ದುರದೃಷ್ಟಕ್ಕೆ ಆ ಮಾತು ಪೂರ್ತಿ ಸುಳ್ಳಲ್ಲ. ಆರಿಸಿದ ಮೇಲೂ ಕರೆಂಟು ಕೂಡಿಡುವ ಕೆಪಾಸಿಟರಿನಲ್ಲಿ 300 ವೋಲ್ಟ್ ಸುಮ್ಮನೆ ಕೂತಿರಬಲ್ಲದು, ಕೈ ಹಾಕಿದವನಿಗೆ ಗೊತ್ತು. ಆದರೆ ಅದು ಬೀದಿ ದಾಟಿ ಹೋಗಿ ಮೊಸರು ಕೆಡಿಸುವುದಿಲ್ಲ.

ನಿಜವಾದ ಕಳ್ಳ ಕಾಕಾನ ಕಟ್ಟೆಯ ಮೇಲಿದ್ದಾನೆ: ಸಂತೆಯಲ್ಲಿ ತಂದ ಎಲ್‌ಇಡಿ ದೀಪ. ಅದು ಹತ್ತಿತೆಂದರೆ ನನ್ನ ರಿಸೀವರ್ ತುಂಬ ಗರ್ರ್ ಎನ್ನುವ ಸದ್ದು. ಅದನ್ನು ಹೇಳಿದ್ದಕ್ಕೆ, "ದೀಪ ಬೆಳಕು ಕೊಡ್ತದ. ನಿಂದು ಏನ್ ಕೊಡ್ತದ?" ಅಂದರು. ಉತ್ತರ ಇನ್ನೂ ಹುಡುಕುತ್ತಿದ್ದೇನೆ.

ನಮ್ಮಪ್ಪ ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಕಟ್ಟಿ ಮರ್ಫಿ ರೇಡಿಯೋ ಇಟ್ಟುಕೊಂಡಿದ್ದ ಕಾಲದಲ್ಲಿ ಇದೇ ಕಾಕಾ ನಮ್ಮ ಪಡಸಾಲೆಯಲ್ಲಿ ಕೂತು ಧಾರವಾಡ ಕೇಂದ್ರ ಕೇಳುತ್ತಿದ್ದರಂತೆ. ಸೆಟ್ ಬಿಸಿಯಾಗಿ ದನಿ ಬರುವವರೆಗೆ ಯಾರೂ ಮಾತಾಡುತ್ತಿರಲಿಲ್ಲವಂತೆ. ಆ ವಾಲ್ವಿಗೂ ಈ ವಾಲ್ವಿಗೂ ಏನು ಫರಕು ಅಂತ ಕೇಳಬೇಕೆನಿಸುತ್ತದೆ. ಕೇಳುವುದಿಲ್ಲ, ಕೇಳಿದರೆ ಕಾಕಾ ಎದ್ದು ಹೋಗುವುದು ಇನ್ನೂ ತಡವಾಗುತ್ತದೆ.

ಮೊನ್ನೆ ಶ್ರೀಲಂಕಾದ ಹ್ಯಾಮ್ ಒಬ್ಬ ನನ್ನ ಕೂಗಿಗೆ ಓಗೊಟ್ಟ. ಗರ್ರ್ ನಡುವೆಯೇ ಹೆಕ್ಕಿ ಹೆಕ್ಕಿ ಬರೆದುಕೊಂಡು, ನನ್ನ ಹೆಸರು ಕಳಿಸಲು ಕೀ ಮೇಲೆ ಬೆರಳಿಟ್ಟೆ. ಓಣಿಯ ಕರೆಂಟು ಹೋಯಿತು! ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ 1720 ಮೆಗಾವ್ಯಾಟ್ ಬೇಯಿಸುವ ಜಿಲ್ಲೆಯವರು ನಾವು. ಕಾಕಾನ ದೀಪವೂ ಆರಿತು, ಬ್ಯಾಟರಿ ಮೇಲಿದ್ದ ನನ್ನ ರಿಸೀವರಿನಲ್ಲಿ ಲಂಕೆಯವನು ಪಕ್ಕದ ಕೋಣೆಯಿಂದ ಕರೆದಂತೆ ಕೇಳತೊಡಗಿದ. ನನ್ನ ಕರೆಸಂಕೇತ (ಹ್ಯಾಮ್‌ಗಳು ಗುರುತಿಗೆ ಇಟ್ಟುಕೊಳ್ಳುವ ಕಾಲ್‌ಸೈನ್), ಪ್ರಶ್ನಾರ್ಥಕ ಚಿಹ್ನೆ. ಮತ್ತೆ ಕರೆಸಂಕೇತ, ಮತ್ತೆ ಪ್ರಶ್ನೆ. ಇಂಥ ಶುದ್ಧ ಸಿಗ್ನಲ್ ಈ ಮನೆಯಲ್ಲಿ ಕೇಳಿರಲೇ ಇಲ್ಲ, ಉತ್ತರಿಸಬೇಕಾದ ವಾಲ್ವು ಮಾತ್ರ ತಣ್ಣಗಾಗುತ್ತಿತ್ತು.

ಕತ್ತಲಲ್ಲಿ ಬಾಗಿಲು ಬಡಿದವರು ಯಾರೆಂದು ಹೇಳಬೇಕಿಲ್ಲ.

"ಆಫ್ ಮಾಡೋ ಅದನ್ನ! ಇಡೀ ಓಣಿ ಕರೆಂಟ್ ಎಳದ್ಬಿಟ್ಟದ!"

ಜಗಳಕ್ಕೆ ತ್ರಾಣವಿಲ್ಲದೆ ಟಪ್ ಅಂತ ಸ್ವಿಚ್ ಆರಿಸಿದೆ. ಅದೇ ಗಳಿಗೆಗೆ ಕರೆಂಟು ಬಂದುಬಿಡಬೇಕೆ!

ಕಾಕಾನ ಮುಖ ಅರಳಿತು. "ನೋಡಿದ್ಯಾ? ಇನ್ನ ಮುಂದ ಕರೆಂಟ್ ಹೋದ್ರ ಲೈನ್‌ಮನ್‌ಗ ಯಾಕ, ಸೀದಾ ನಿನಗ ಫೋನ್ ಹಚ್ತೀನಿ."